ಏಕಾಂತಯ್ಯನವರ ತಾರಸಿ ಮೇಲೆ ಗಾಳಿ ಮಾಪಕ

ವಿಮಾನ ಕಂಡರೆ ಕಡಕೊಳದ ಮಕ್ಕಳು ಟಾಟಾ ಮಾಡುತ್ತಾರೆ, ಏಕಾಂತಯ್ಯನವರು ಕಿಟಕಿ ಮುಚ್ಚುತ್ತಾರೆ. ಮಂಡಕಳ್ಳಿ ವಿಮಾನ ನಿಲ್ದಾಣ ಅವರ ಮನೆಗೆ ಹತ್ತಿರ. ಮೊಮ್ಮಗಳು ಲಾಸ್ಯಳಿಗೆ ಉಬ್ಬಸ. "ಎಲ್ಲಾ ಆ ವಿಮಾನದ ಹೊಗೆ ಕಣೇ" ಎಂದು ಹೆಂಡತಿ ಸರ್ವಮಂಗಳಮ್ಮನ ಹತ್ತಿರ ದಿನಾ ಗೊಣಗುತ್ತಿದ್ದರು.

ಎದುರುಮನೆಯ ಸಮನ್ವಿತಾ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಪಾಠ ಮಾಡುವವಳು, ಮಿಮಿಕ್ರಿಯಲ್ಲಿ ಎತ್ತಿದ ಕೈ. "ಊಹೆ ಯಾಕೆ ಅಂಕಲ್? ಅಳೆದೇ ಬಿಡೋಣ" ಎಂದು ಅವರ ತಾರಸಿಯಲ್ಲಿ ಪುಟ್ಟ ಗಾಳಿ ಮಾಪಕ ಇಟ್ಟಳು. ಗಾಳಿಯಲ್ಲಿ ಎಷ್ಟು ಸಣ್ಣ ದೂಳಿದೆ ಎಂದು ಅದು ಮೊಬೈಲಿಗೆ ಹೇಳುತ್ತದೆ.

ದೂಳು ಮಿತಿಮೀರಿದರೆ ಪರದೆ ಕೆಂಪಾಗುತ್ತದೆ. ದಿನಾ ಬೆಳಿಗ್ಗೆ ಮೊಬೈಲು ಕೆಂಪಾಗತೊಡಗಿತು.

"ನೋಡಿದ್ಯಾ? ಬಡ್ಕೊಂಡೆ, ಯಾರೂ ಕೇಳಲಿಲ್ಲ! ಮಗೂನ ವಿಮಾನದಿಂದ ದೂರ, ಹಿನಕಲ್‌ಗೆ, ಅವಳತ್ತೆ ಮನೆಗೆ ಕಳಿಸ್ಬುಡ್ತೀನಿ. ಸ್ಕೂಲಿಗೂ ಅಲ್ಲೇ ಸೇರಿಸ್ತೀನಿ" ಎಂದರು ಏಕಾಂತಯ್ಯನವರು.

"ನಾನು ಹೋಗಲ್ಲ!" ಲಾಸ್ಯ ಅಜ್ಜಿಯ ಸೆರಗು ಹಿಡಿದಳು. ಅಜ್ಜಿ ಬ್ಯಾಗಿಗೆ ಬಟ್ಟೆ ತುಂಬುತ್ತಲೇ ಕಣ್ಣೊರೆಸಿಕೊಂಡರು.

"ಆ ಹೊತ್ತಲ್ಲಿ ವಿಮಾನಾನೇ ಇಲ್ವಲ್ಲ ಅಂಕಲ್?" ಸದ್ದು ಕೇಳಿ ಬಂದ ಸಮನ್ವಿತಾ ಮೊಬೈಲು ನೋಡಿ ಕೇಳಿದಳು.

"ಕಾಣದಂಗೆ ಹಾರಿರುತ್ತೆ ಬುಡಮ್ಮ!"

ಮರುದಿನ ಬೆಳಿಗ್ಗೆ ಸಮನ್ವಿತಾ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತಳು. ಸ್ನಾನ ಮುಗಿಸಿದ ಏಕಾಂತಯ್ಯನವರು ಬಂದರು. ಮಾಪಕಕ್ಕೆ ವಿಭೂತಿ ಹಚ್ಚಿದರು, ಹೂವಿಟ್ಟರು, ದಿನಾ ದೇವರಮನೆಯಲ್ಲಿ ಮಾಡುವಂತೆಯೇ ದಟ್ಟವಾಗಿ ಸಾಂಬ್ರಾಣಿ ಹೊಗೆ ಹಿಡಿದರು. ಮನೆಗೆ ಬಂದ ಹೊಸ ಯಂತ್ರ, ಪೂಜೆ ಮಾಡದೆ ಬಿಟ್ಟಾರೆಯೇ?

ಟ್ಯಾಂಕಿನ ಹಿಂದಿನಿಂದ ವಿಮಾನ ನಿಲ್ದಾಣದ ನಯವಾದ ದನಿ ಕೇಳಿಸಿತು: "ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಏಕಾಂತಯ್ಯ ಏರ್‌ಲೈನ್ಸ್‌ನ ಸಾಂಬ್ರಾಣಿ ವಿಮಾನ ಈಗ ಹೊರಡಲಿದೆ. ಕೆಮ್ಮು ಇರುವವರು ಮೆಟ್ಟಿಲ ಕಡೆ ಓಡಿ!"

ಅವರು ಬೆಚ್ಚಿ ಆಕಾಶ ನೋಡಿದರು. ಒಂದು ಕಾಗೆಯೂ ಇಲ್ಲ. ಕೈಯಲ್ಲಿದ್ದ ಧೂಪ ನೋಡಿದರು. "ಅಯ್ಯೋ ಶಿವನೇ, ನಾನೇನಾ ಪೈಲಟ್ಟು?"

ಪೂಜೆ ನಿಂತಿತು, ಬೆಳಗಿನ ಅಂಕಿ ಇಳಿಯಿತು. ಡಾಕ್ಟರು ಲಾಸ್ಯಳನ್ನು ನೋಡಿ, "ಮನೆಯೊಳಗಿನ ಹೊಗೆ ನಿಲ್ಲಿಸಿ, ಔಷಧಿ ತಪ್ಪಿಸಬೇಡಿ, ಮಗು ಎಲ್ಲಿಗೂ ಹೋಗಬೇಕಿಲ್ಲ" ಎಂದರು. ಸರ್ವಮಂಗಳಮ್ಮ ಬ್ಯಾಗನ್ನು ಅಟ್ಟಕ್ಕೆ ಎಸೆದರು.

"ಹಂಗಾದ್ರೆ ವಿಮಾನದ್ದು ಏನೂ ತಪ್ಪಿಲ್ವಾ?"

"ಹಂಗಲ್ಲ ಅಂಕಲ್. ಏರೋವಾಗ, ಇಳಿಯೋವಾಗ ಅದೂ ಹೊಗೆ ಬಿಡುತ್ತೆ. ಗಾಳಿ ಈ ಕಡೆ ಬೀಸಿದ್ರೆ ನಮಗೂ ಬರುತ್ತೆ. ಅದಕ್ಕೇ ಮಳೆ, ಚಳಿ, ಬೇಸಿಗೆ ಎಲ್ಲ ಕಾಲಕ್ಕೂ ಅಳೀಬೇಕು."

"ಇರಲಿ ಕಣಮ್ಮ, ಮಾಪಕ ಇಲ್ಲೇ ಇರಲಿ. ಮಗೂನೂ."

ವಿಮಾನ ನಿಲ್ದಾಣದ ಅಕ್ಕಪಕ್ಕದವರೇ, ನೀವೂ ಅಳೆಯಿರಿ. ಮಾಪಕವನ್ನು ಒಲೆ, ಧೂಪ, ಕಸದ ಬೆಂಕಿಯಿಂದ ದೂರವಿಡಿ. ಗಾಳಿ ಎತ್ತಲಿಂದ ಬೀಸಿತು, ವಿಮಾನ ಯಾವಾಗ ಹಾರಿತು ಎಂದು ಗುರುತು ಹಾಕಿಕೊಳ್ಳಿ. ಅಂಕಿ ಏರುತ್ತಲೇ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ. ಈ ಕಥೆಯನ್ನು ನಿಮ್ಮ ಸಂಘದಲ್ಲಿ ಗಟ್ಟಿಯಾಗಿ ಓದಿ. ನಗು ಬಂದರೆ ಸಂಕೋಚ ಬೇಡ. ಅಂದು ತಾರಸಿಯಲ್ಲಿ ಸಮನ್ವಿತಾಳಿಗಿಂತ ಜೋರಾಗಿ ನಕ್ಕವರು ಏಕಾಂತಯ್ಯನವರೇ.