ಮಖಮಲ್ಲಿನ ಬಾವಲಿ

ಬೆಳೆಯುವ ಮಗು ಕುಗ್ಗುತ್ತದೆಯೇ? ಈ ಅಕ್ಟೋಬರ್ ಪೂರ್ತಿ ನನ್ನ ತಲೆ ತಿಂದದ್ದು ಇದೊಂದೇ ಪ್ರಶ್ನೆ.

ಮೊಮ್ಮಗಳು ಇಂಗ್ರಿಡ್ ಫೋನ್ ಮಾಡಿದ್ದು ತಿಂಗಳ ಆರಂಭದಲ್ಲಿ. ಪಿಸುಪಿಸು ಮಾತು.

"ಅಜ್ಜಿ, ಈ ಸಲ ಹ್ಯಾಲೋವೀನ್‌ಗೆ ಬಾವಲಿ ವೇಷ ಬೇಕು. ಹೊಲಿದು ಕೊಡ್ತೀಯಾ?"

"ಕೊಡದೆ ಏನು ಮಾಡ್ಲಿ? ಯಾಕೆ ಹೀಗೆ ಕಳ್ಳಿ ಥರ ಮಾತಾಡ್ತಿದೀಯ?"

"ಸುಮ್ನೆ. ಅಳತೆ ಬರ್ಕೋ. ಆಮೇಲೆ ಕಿವಿ ಒಳಗಡೆ ಗುಲಾಬಿ ಬಣ್ಣ ಇರ್ಲಿ."

ಗುಲಾಬಿ! ಗುಲಾಬಿ ಬಣ್ಣದ ಕಾಲುಚೀಲ ತಂದೆನೆಂದು ಒಂದು ಇಡೀ ಕ್ರಿಸ್ಮಸ್ ಮುಖ ಊದಿಸಿಕೊಂಡು ಕೂತಿದ್ದ ಹುಡುಗಿ ಇವಳು. ಆದರೂ ಮರುಮಾತಾಡದೆ ಬರೆದುಕೊಂಡೆ. ಬರೆದದ್ದನ್ನು ಹೋದ ವರ್ಷದ ಕಾಗದದ ಅಚ್ಚಿನ ಮೇಲಿಟ್ಟು ನೋಡಿದರೆ ತೋಳೂ ಗಿಡ್ಡ, ಬೆನ್ನೂ ಗಿಡ್ಡ. ಒಂದು ವರ್ಷದಲ್ಲಿ ಮಗು ಮೇಲಕ್ಕೆ ಬೆಳೆಯುವ ಬದಲು ಕೆಳಕ್ಕೆ ಬೆಳೆದಿತ್ತು.

ಗಂಡ ಮರ್ಲ್‌ಗೆ ತೋರಿಸಿದೆ. ಆತ ಪೇಪರಿನಿಂದ ತಲೆ ಎತ್ತಲಿಲ್ಲ.

"ಹೋದ ವರ್ಷ ನೀನೇ ತಪ್ಪಾಗಿ ಅಳೆದಿರ್ತೀಯ, ಲವೋನ್."

"ನಲವತ್ತು ವರ್ಷದಿಂದ ಹೊಲೀತಿದೀನಿ ಮಹರಾಯ. ನಾನು ತಪ್ಪಾಗಿ ಅಳೆಯೋದಾ?"

"ಹಾಗಾದ್ರೆ ಮಗು ಕುಗ್ಗಿದೆ. ಬಿಸಿನೀರಲ್ಲಿ ಒಗೆದ್ರೇನೋ."

ಇಂಥ ಮನುಷ್ಯನ ಹತ್ತಿರ ಏನು ಹೇಳಿಕೊಳ್ಳುವುದು?

ನನ್ನ ಸಂಕಟ ಅಳತೆಯದ್ದಲ್ಲ. ಮಗ ಕರ್ಟ್ ಮತ್ತು ಸೊಸೆ ಜೋಲೀನ್ ಬೇರೆಯಾದ ಮೇಲೆ ಅವನು ಅಲಾಸ್ಕಾಗೆ ಕೆಲಸ ಹಿಡಿದು ಹೋದ. ಇಂಗ್ರಿಡ್ ತಾಯಿಯ ಹತ್ತಿರ ಉಳಿದಳು. ಈ ವಸಂತದಲ್ಲಿ ಜೋಲೀನ್ ಟಾಡ್ ಎಂಬುವನನ್ನು ಮದುವೆಯಾಗಿ ಊರಾಚೆಯ ಹೊಸ ಬಡಾವಣೆಗೆ ಹೋದಳು. ಆ ಟಾಡ್‌ಗೂ ಒಬ್ಬಳು ಮಗಳಿದ್ದಾಳೆ, ಮ್ಯಾರೆನ್ ಅಂತ. ಅಲ್ಲಿಯವರೆಗೆ ಪ್ರತಿ ಶನಿವಾರ ನನ್ನ ಅಡುಗೆಮನೆಯಲ್ಲಿ ಹಿಟ್ಟು ಚೆಲ್ಲಾಡುತ್ತಿದ್ದ ಮಗು ಆಮೇಲೆ ಬರುವುದೇ ಅಪರೂಪವಾಯಿತು. ಒಂದು ಶನಿವಾರ ಮ್ಯಾರೆನ್‌ಳ ಹುಟ್ಟುಹಬ್ಬ, ಇನ್ನೊಂದು ಶನಿವಾರ ಮ್ಯಾರೆನ್ ಜೊತೆ ಈಜು, ಮತ್ತೊಂದು ದಿನ ಮ್ಯಾರೆನ್‌ಗೆ ಜ್ವರ. ನೋಡೇ ಇರದ ಆ ಹುಡುಗಿಯ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ಇದ್ದದ್ದು ಹಾಗೆಯೇ. ಇಂಗ್ರಿಡ್ ನನ್ನ ಕೈಜಾರಿ ಹೋಗುತ್ತಿದ್ದಾಳೆ ಎಂಬ ಭಯ. ವೇಷ ಹೊಲಿಯುವುದೊಂದು ಉಳಿದಿತ್ತು. ಅದೂ ಹೋದರೆ ನಾನು ಯಾರಿಗೆ ಅಜ್ಜಿ?

ಹಾಗಾಗಿ ಈ ಬಾವಲಿಗೆ ಜೀವ ಸುರಿದೆ ಎಂದರೂ ಸರಿಯೇ. ಚರ್ಚಿನ ಹಳೆಬಟ್ಟೆ ಅಂಗಡಿಗೆ ಹೋದೆ. ಅಕ್ಟೋಬರಿನಲ್ಲಿ ಆ ಅಂಗಡಿ ನೋಡಬೇಕು. ವರ್ಷವಿಡೀ ಒಡೆದ ಬಟ್ಟಲು ಮಾರುವ ಹೆಂಗಸರು ಅದೊಂದು ತಿಂಗಳು ಕಪಾಟಿನಿಂದ ಎಲ್ಲಿಲ್ಲದ ಭೂತದ ಸಾಮಾನುಗಳನ್ನು ಹೊರಗೆ ತೆಗೆಯುತ್ತಾರೆ. ಹೊಟ್ಟೆಯಲ್ಲಿ ದೀಪ ಉರಿಯುವ ಮಣ್ಣಿನ ಕುಂಬಳಕಾಯಿ, ಒಂಟಿಗಣ್ಣಿನ ಮರದ ಕಾಗೆ, ಯಾರದೋ ಮುತ್ತಜ್ಜಿಯ ಶೋಕದ ಟೋಪಿ. ಟೋಪಿಯನ್ನು ನಾನೇ ತಲೆಗಿಟ್ಟು ಕನ್ನಡಿ ನೋಡಿಕೊಂಡೆ; ಅಂಗಡಿಯ ಹೆಂಗಸು ಹೆದರಿ ಕಾಫಿ ಚೆಲ್ಲಿಕೊಂಡಳು. ಕಾಗೆಯನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಅದರ ಹಿಂದೆ ಮಡಚಿಟ್ಟಿದ್ದ ಕಪ್ಪು ಮಖಮಲ್ಲಿನ ಪರದೆ ಕಂಡಿತು. ಮುಟ್ಟಿದರೆ ಬೆಕ್ಕಿನ ಬೆನ್ನು. ಅಷ್ಟೇ, ಬಾವಲಿ ಸಿಕ್ಕಿತು ಅಂದುಕೊಂಡೆ.

ರೆಕ್ಕೆಗೆ ಮರ್ಲ್‌ನ ಕೊಡೆ ಮುರಿದೆ. "ಅದು ಚೆನ್ನಾಗಿಯೇ ಇತ್ತಲ್ಲೇ!" ಎಂದು ಅರಚಿಕೊಂಡ. ಕೊಡೆಯ ಕಡ್ಡಿ ಇಲ್ಲದೆ ಬಾವಲಿಯ ರೆಕ್ಕೆ ನಿಲ್ಲುತ್ತದೆಯೇ? ಗಂಡಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಕತ್ತರಿ ಹಾಕುವ ಹೊತ್ತಿಗೆ ಮತ್ತೆ ಗೊಂದಲ. ಯಾವ ಅಳತೆ ನಂಬಲಿ? ತಡೆಯಲಾಗದೆ ಜೋಲೀನ್‌ಗೇ ಫೋನ್ ಮಾಡಿದೆ.

"ಮಗು ಸರಿಯಾಗಿ ಊಟ ಮಾಡ್ತಿದೆಯಾ? ಸಣ್ಣ ಆಗಿದಾಳಾ?"

"ಇಂಗ್ರಿಡ್ ಸಣ್ಣ ಆಗೋದಾ? ಆಗಸ್ಟಲ್ಲಿ ತಗೊಂಡ ಬೂಟು ಆಗ್ಲೇ ಹಿಡಿಸ್ತಿಲ್ಲ, ಕಂಬದ ಥರ ಬೆಳೀತಿದಾಳೆ. ಯಾಕೆ ಲವೋನ್?"

"ಏನಿಲ್ಲ. ವೇಷಕ್ಕೆ ಕೇಳ್ದೆ."

"ಅಯ್ಯೋ, ನೀವ್ಯಾಕೆ ತೊಂದರೆ ತಗೊಳ್ತೀರ? ಟಾಡ್ ಅಂಗಡಿಯಿಂದ ಇಬ್ಬರಿಗೂ ಒಂದೇ ಥರದ ಗಗನಯಾತ್ರಿ ವೇಷ ತಂದಾಗಿದೆ."

ಫೋನ್ ಇಟ್ಟೆ. ಇಬ್ಬರಿಗೂ ಒಂದೇ ಥರದ್ದಂತೆ, ಅಂಗಡಿಯದ್ದಂತೆ! ನನ್ನ ಮೊಮ್ಮಗಳು ಪ್ಲಾಸ್ಟಿಕ್ ಚೀಲದೊಳಗಿನಿಂದ ಬಂದ ಬಟ್ಟೆ ಹಾಕಿಕೊಂಡು ಬೀದಿ ಸುತ್ತಬೇಕೇ? ಆದರೆ ಮಗು ತಾನಾಗಿ ಬಾವಲಿ ಕೇಳಿದೆಯಲ್ಲ? ತಾಯಿಗೆ ಹೇಳಲಿಲ್ಲವೇ? ಕಂಬದ ಥರ ಬೆಳೆದವಳ ತೋಳು ಗಿಡ್ಡ ಹೇಗೆ? ತಲೆ ಕೆಟ್ಟು ಹೋಯಿತು. ಕೊನೆಗೆ ಮಗು ಕೊಟ್ಟ ಅಳತೆಗೇ ಕತ್ತರಿಸಿದೆ, ಕೋಟಿನ ಜಾಗ ಬಿಟ್ಟು. ನಮ್ಮ ಅಯೋವಾದಲ್ಲಿ ಎಲ್ಲ ವೇಷವೂ ಚಳಿಯ ಕೋಟಿನ ಮೇಲೆ ಕೂರಬೇಕು. ದೇವತೆಯಾಗಲಿ, ದೆವ್ವವಾಗಲಿ, ಅಕ್ಟೋಬರ್ ಕೊನೆಯಲ್ಲಿ ಎಲ್ಲರೂ ಆಲೂಗಡ್ಡೆ ಮೂಟೆಗಳೇ. ಕೋಟು ಹಾಕುವುದಿಲ್ಲ ಎಂದು ಅಳುವ ಮಗುವಿನ ತಾಯಿಗೆ ಹೊಲಿಗೆ ಬರುವುದಿಲ್ಲ ಎಂದೇ ನಾವು ತಿಳಿಯುವುದು.

ಪಾರ್ಸೆಲ್ ಕಳಿಸಿದ ಮೇಲೆ ಇಂಗ್ರಿಡ್ ಫೋನ್ ಬಂತು.

"ಅಜ್ಜಿ, ಹೇಳಿ ಮಾಡ್ಸಿದಂಗಿದೆ!" ಹಿಂದೆ ಯಾರೋ ಕಿಸಕ್ಕೆಂದರು.

"ಮಿಠಾಯಿ ಬೇಡೋಕೆ ನಮ್ಮನೆಗೇ ಮೊದಲು ಬರ್ಬೇಕು, ಗೊತ್ತಾಯ್ತಾ?"

"ಬರ್ತೀವಿ."

ಬರ್ತೀವಿ ಅಂದಳು, ಬರ್ತೀನಿ ಅನ್ನಲಿಲ್ಲ. ಅದೂ ನನ್ನನ್ನು ಚುಚ್ಚಿತು.

ನಮ್ಮೂರು ಡೆಮೊಯ್ನ್‌ನಲ್ಲಿ ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಬೇಡಲು ಬರುವುದು ಹ್ಯಾಲೋವೀನಿನ ಹಿಂದಿನ ಸಂಜೆ. ಜೋಕು ಹೇಳದವರಿಗೆ ಮಿಠಾಯಿ ಇಲ್ಲ. ಆ ಸಂಜೆ ಮರ್ಲ್ ಒಳಗೆ ಬಾಗಿಲ ಪಕ್ಕ ಬೋಗುಣಿ ಇಟ್ಟುಕೊಂಡು ಕೂತ. ನಾನು ಜಗಲಿಯ ಮೇಲೆ ಒಂಟಿಗಣ್ಣಿನ ಕಾಗೆಯ ಪಕ್ಕ ನಿಂತು ಬೀದಿ ನೋಡುತ್ತಿದ್ದೆ. ಮಾಟಗಾತಿಯರು ಬಂದರು, ಒಂದು ಟ್ರ್ಯಾಕ್ಟರ್ ಬಂತು, ಮೂಗು ಸೋರುವ ಸಿಂಹವೊಂದು ಜೋಕು ಮರೆತು ಅಳತೊಡಗಿತು. ಅದಕ್ಕೆ ಎರಡು ಚಾಕಲೇಟು ಕೊಟ್ಟೆ. ನನ್ನ ಕಣ್ಣು ಮಾತ್ರ ಬಾವಲಿಯನ್ನೇ ಹುಡುಕುತ್ತಿತ್ತು.

ಜೋಲೀನ್‌ಳ ಕಾರು ನಿಂತಿತು. ಇಬ್ಬರು ಇಳಿದರು. ಗಾಜಿನ ಮುಖದ ಹೆಲ್ಮೆಟ್ಟು ತೊಟ್ಟ ಗಗನಯಾತ್ರಿಯೊಬ್ಬಳು ಮೇಪಲ್ ಮರದ ಬಳಿ ನಿಂತುಬಿಟ್ಟಳು. ಇನ್ನೊಂದು ನನ್ನ ಬಾವಲಿ. ಮಖಮಲ್ಲು ದೀಪಕ್ಕೆ ಮಿರಮಿರ ಮಿಂಚುತ್ತಿತ್ತು. ಅರ್ಧ ಮುಖಕ್ಕೆ ಮುಖವಾಡ, ಉಳಿದರ್ಧಕ್ಕೆ ಉಲ್ಲನ್ ಮಫ್ಲರ್. ಒಂದೊಂದೇ ಮೆಟ್ಟಿಲು ಹತ್ತಿ ಬಂದು ಎದುರು ನಿಂತಿತು.

"ಅಸ್ಥಿಪಂಜರ ಯಾಕೆ ಐಸ್‌ಕ್ರೀಂ ತಿನ್ನಲ್ಲ?" ಎಂದಿತು. ಮಫ್ಲರಿನೊಳಗಿನಿಂದ ಬಂದ ಧ್ವನಿ ಗೊಗ್ಗರಾಗಿತ್ತು. ನೆಗಡಿ ಪಾಪ ಅಂದುಕೊಂಡೆ.

"ಯಾಕಪ್ಪಾ?"

"ತಿಂದದ್ದೆಲ್ಲ ಪಕ್ಕೆಲುಬಿನ ಸಂದೀಲಿ ಕೆಳಗೆ ಬಿದ್ದೋಗತ್ತೆ."

ನನಗೆ ತಡೆಯಲಾಗಲಿಲ್ಲ. ಬಗ್ಗಿ ಬಾವಲಿಯನ್ನು ರೆಕ್ಕೆ ಸಮೇತ ಬಾಚಿ ತಬ್ಬಿಕೊಂಡೆ. ಎಷ್ಟು ವಾರಗಳಾಗಿತ್ತು! ಕೋಟು, ಮಖಮಲ್ಲು, ಕೊಡೆಕಡ್ಡಿ ಎಲ್ಲ ಸೇರಿ ತೋಳಿಗೆ ಹಿಡಿಯದಷ್ಟು ದಪ್ಪ. ಮಗು ಮೊದಲು ಸೆಟೆದುಕೊಂಡಿತು, ಆಮೇಲೆ ಮೆಲ್ಲಗೆ ನನ್ನ ಭುಜಕ್ಕೆ ಗದ್ದ ಊರಿತು. ನಾನು ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ನನ್ನ ಬಂಗಾರ. ಇದು ನಿನಗಂತಲೇ ಹೊಲಿದದ್ದು. ಆ ಟಾಡ್‌ನ ಮಗಳು ಬೇಕಾದ್ರೆ ಅಂಗಡಿ ಬಟ್ಟೆ ಹಾಕ್ಕೊಳ್ಳಲಿ, ಅವಳು ನಮಗೇನೂ ಆಗ್ಬೇಕಿಲ್ಲ. ಅವಳಿಗೆ ಒಂದು ದಾರದ ಎಳೆ ಕೂಡ ಹಾಕಲ್ಲ ನಾನು."

ಗದ್ದ ಭುಜದಿಂದ ಮೇಲೆದ್ದಿತು. ಬಾವಲಿ ಹಿಂದಕ್ಕೆ ಸರಿದು ಕುತ್ತಿಗೆಯ ಗುಂಡಿ ಬಿಚ್ಚತೊಡಗಿತು. ಕೈಗವಸು ಹಾಕಿದ ಬೆರಳಿಗೆ ಗುಂಡಿ ಸಿಗದೆ ತಡಕಾಡಿತು. ಏನು ಮಾಡುತ್ತಿದೆ ಈ ಮಗು ಎಂದು ನನಗೆ ತಿಳಿಯಲಿಲ್ಲ.

"ಸೆಕೆ ಆಗ್ತಿದೆಯಾ ಮರಿ?"

ಮಫ್ಲರ್ ಕೆಳಗಿಳಿಯಿತು, ಮುಖವಾಡ ಮೇಲೇರಿತು. ನಸುಗೆಂಪು ಹುಬ್ಬು, ಹಲ್ಲಿನ ನಡುವೆ ಸಂದಿ, ನಾನು ಜನ್ಮದಲ್ಲಿ ಕಂಡಿರದ ಮುಖ.

"ನಾನು ಮ್ಯಾರೆನ್," ಅಂದಳು. "ತಗೊಳ್ಳಿ, ಬಿಚ್ಚಿ ಕೊಡ್ತೀನಿ."

ಗಿಡ್ಡ ತೋಳು, ಗುಲಾಬಿ ಕಿವಿ, ಪಿಸುಮಾತು ಎಲ್ಲ ಒಟ್ಟಿಗೆ ಮುಖಕ್ಕೆ ಹೊಡೆದವು.

"ಅಳತೆ... ನಿಂದಾ ಅದು?"

"ಹೂಂ. ಇಂಗ್ರಿಡ್ ಟೇಪ್ ಹಿಡಿದು ಅಳೆದಳು. ಅವಳ ಹಳೇ ವೇಷ ಎಲ್ಲ ತೋರಿಸ್ತಿದ್ಲು. ನಂಗೆ ಹೊಲಿದು ಕೊಡೋಕೆ ಯಾರೂ ಇಲ್ಲ ಅಂದೆ. ನಮ್ಮಜ್ಜಿ ಇದಾಳಲ್ಲ ಅಂದ್ಲು." ಸ್ವಲ್ಪ ತಡೆದು ಸೇರಿಸಿದಳು. "ನೀವು ನನ್ನನ್ನ ಇಂಗ್ರಿಡ್ ಅಂದ್ಕೊಂಡ್ರಿ ಅಲ್ವಾ? ನಾನು ಆಗ್ಲೇ ಹೇಳ್ಬೇಕಿತ್ತು. ನೀವು ತಬ್ಕೊಂಡ್ರಿ ಅಂತ ಸುಮ್ಮನಾದೆ."

ಅಯ್ಯೋ ದೇವರೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಮಂಡಿಯೂರಿದೆ. ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಲು ಹೋದೆ.

"ಬಿಚ್ಬೇಡ ಮಗಳೇ. ಇದು ನಿಂದೇ. ನಾನು ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ತಪ್ಪಾಯ್ತು ನಂದು."

ಅವಳು ಮರದ ಬಳಿ ನಿಂತ ಗಗನಯಾತ್ರಿಯ ಕಡೆ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆಗೆ ಬಗ್ಗಿ, ನಾನು ಅವಳಿಗೆ ಹೇಳಿದಷ್ಟೇ ಮೆಲ್ಲಗೆ ಹೇಳಿದಳು.

"ನೀವು ಅಂದದ್ದು ಇಂಗ್ರಿಡ್‌ಗೆ ಹೇಳ್ಬೇಡಿ. ಅವಳು ನಿಮ್ಮನ್ನ ತುಂಬಾ ಒಳ್ಳೇವ್ರು ಅಂದ್ಕೊಂಡಿದಾಳೆ."

ಅಷ್ಟರಲ್ಲಿ ಕಾಯಲಾಗದೆ ಗಗನಯಾತ್ರಿ ಹೆಲ್ಮೆಟ್ಟು ಕಿತ್ತು ಕಂಕುಳಲ್ಲಿಟ್ಟುಕೊಂಡು ಓಡಿ ಬಂದಳು. ಕಂಬದ ಥರವೇ ಬೆಳೆದಿದ್ದಳು ನನ್ನ ಇಂಗ್ರಿಡ್. ಅಂಗಡಿಯ ಪ್ಯಾಂಟು ಕಣಕಾಲಿನ ಮೇಲೆ ನಿಂತಿತ್ತು.

"ಗೊತ್ತಾಯ್ತಾ? ನಾನಲ್ಲ ಅಂತ ಅಜ್ಜಿಗೆ ಗೊತ್ತಾಯ್ತಾ?" ಎಂದು ಮೆಟ್ಟಿಲಿನಿಂದಲೇ ಕೂಗಿದಳು.

ನಾನು ಬಾಯಿ ತೆರೆದೆ.

"ನೋಡಿದ ತಕ್ಷಣ ಗೊತ್ತಾಗೋಯ್ತು," ಅಂದಳು ಮ್ಯಾರೆನ್. "ಆದ್ರೂ ತಬ್ಕೊಂಡ್ರು."

"ಹೇಳಿರ್ಲಿಲ್ವಾ ನಾನು! ಇವಳಿಗೆ ಅಂತ ಕೇಳಿದ್ರೆ ಬೇಡ ಅಂತೀಯೇನೋ ಅಂತ ನಂಗೇ ಒಂಚೂರು ಭಯ ಇತ್ತು ಅಜ್ಜಿ, ಅದಕ್ಕೇ ಹೇಳ್ಲಿಲ್ಲ." ಇಂಗ್ರಿಡ್ ನನ್ನ ಕುತ್ತಿಗೆಗೆ ಜೋತುಬಿದ್ದಳು. ಹಿಟ್ಟಿನ ವಾಸನೆಯ ಬದಲು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು. ನಾನು ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳ ಭುಜದಾಚೆ ಮ್ಯಾರೆನ್ ಕುತ್ತಿಗೆಯ ಗುಂಡಿಯನ್ನು ತಾನೇ ಹಾಕಿಕೊಳ್ಳಲು ಹೆಣಗುತ್ತಿದ್ದಳು, ನನ್ನ ಕಡೆ ನೋಡದೆ.