ಕಸಿನ್ ಅಂದರೆ ಯಾರ ಕಡೆಯವರು?

ಸುವಾನಿ ಎಂಬ ಊರಿನ ಲೊರೆಟ್ಟಾ ಗೇನ್ಸ್ ತಮ್ಮ ಮುತ್ತಜ್ಜಿ ಐಡಾಗೆ ಬಂದಿದ್ದ ಪತ್ರಗಳನ್ನು ಊರಿನ ಇತಿಹಾಸ ಸಂಘಕ್ಕೆ ಒಯ್ದಾಗ, ಅಲ್ಲಿಯವರು ಒಂದೆರಡು ಹಾಳೆ ತಿರುವಿ ಹಿಂದಕ್ಕೆ ಕೊಟ್ಟರು. "ಬರೀ ಟೋಪಿ, ಕುಣಿತ, ಟೀ ಪಾರ್ಟಿ. ಇದರಲ್ಲಿ ಇತಿಹಾಸ ಎಲ್ಲಿದೆ?"

ಲೊರೆಟ್ಟಾ ಅದನ್ನು ಪಕ್ಕದ ಮನೆಯ ವಿದ್ಯಾವತಿಗೆ ಹೇಳಿಕೊಂಡರು. ವಿದ್ಯಾವತಿ ಬಾಗಲಕೋಟೆಯವರು, ಮಕ್ಕಳ ಡಾಕ್ಟರಾಗಿ ದುಡಿದು ನಿವೃತ್ತರಾದವರು.

"ಮದುವೆಮನೆ ಮಾತು ಬಿಟ್ಟರೆ ನಮ್ಮ ಮನೆತನಕ್ಕೂ ಬೇರೆ ಇತಿಹಾಸ ಇಲ್ಲ. ಕೊಡಿ, ಓದೋಣ," ಅಂದರು.

ಪತ್ರಗಳೆಲ್ಲ ಗುಲಾಮಗಿರಿ ಅಳಿದ ಮೇಲಿನ ದಶಕದವು. ಚಾರ್ಲ್ಸ್‌ಟನ್ನಿನ ಬೆಲ್ ಎಂಬ ಹುಡುಗಿ ವಾಷಿಂಗ್ಟನ್ನಿನ ಐಡಾಗೆ ಬರೆದದ್ದು. ಕಾಗದ ಉಳಿಸಲು ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆದಿದ್ದಳು. ಚರ್ಚಿನ ಔತಣ, ಹಸಿರು ರಿಬ್ಬನ್ನಿನ ಟೋಪಿ, ಯಾರು ಯಾರ ಜೊತೆ ಎರಡು ಸಲ ಕುಣಿದರು ಎಂಬ ಸುದ್ದಿ. ಪ್ರತಿ ಪತ್ರದ ಮೊದಲಿಗೂ 'ಪ್ರೀತಿಯ ಕಸಿನ್'.

"ಕಸಿನ್ ಅಂದರೆ ಯಾರ ಕಡೆಯಿಂದ?" ವಿದ್ಯಾವತಿ ಕೇಳಿದರು. "ಅಪ್ಪನ ಕಡೆಯಾ, ಅಮ್ಮನ ಕಡೆಯಾ?"

"ಕಸಿನ್ ಅಂದರೆ ಕಸಿನ್. ನಮ್ಮಜ್ಜಿಗೂ ಗೊತ್ತಿರಲಿಲ್ಲ."

"ನಮ್ಮಲ್ಲಿ ಅಷ್ಟಕ್ಕೆ ಬಿಡೋದಿಲ್ಲ."

ಉತ್ತರ ಬೆಲ್ ತನ್ನ ಮದುವೆ ಮುಗಿದ ಮೇಲೆ ಬರೆದ ಪತ್ರದ ಅಡ್ಡಸಾಲುಗಳಲ್ಲಿ ಸಿಕ್ಕಿತು. ಭೂತಗನ್ನಡಿ ಹಿಡಿದು ವಿದ್ಯಾವತಿ ನಿಧಾನವಾಗಿ ಓದಿದರು: 'ನಿನ್ನಮ್ಮ ರೈಲಿಳಿದಾಗ ನನ್ನಮ್ಮ ಗುರುತು ಹಿಡಿದದ್ದು ನಡಿಗೆಯಿಂದ. ಹುಡುಗಿಯರಾಗಿದ್ದಾಗ ಮಾರಿ ಬೇರೆ ಮಾಡಿದ ಮೇಲೆ ಅಕ್ಕತಂಗಿಯರು ಮುಖ ನೋಡಿಕೊಂಡದ್ದು ಅಂದೇ.'

ಲೊರೆಟ್ಟಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಿದ್ಯಾವತಿ ಅವರ ಕೈ ಹಿಡಿದುಕೊಂಡರು.

"ಅಕ್ಕತಂಗಿಯರ ಮಕ್ಕಳಿಗೆ ನಾವು ಕಸಿನ್ ಅನ್ನೋದೇ ಇಲ್ಲ, ಲೊರೆಟ್ಟಾ. ಅವರೂ ಅಕ್ಕತಂಗಿಯರೇ. ಬೆಲ್ ಕಡೆಯವರು ಎಲ್ಲಾದರೂ ಇರಬೇಕು."

ಬೆಲ್ ಮದುವೆಯಾದ ಚರ್ಚಿನ ಹೆಸರು ಪತ್ರದಲ್ಲೇ ಇತ್ತು. ವಿದ್ಯಾವತಿ ಫೋನು ಹಿಡಿದು ಕೂತರು.

"ರಿಟೈರ್ ಆದ್ಮೇಲೂ ಡ್ಯೂಟಿ ಮಾಡ್ತಿದ್ಯಲ್ಲೇ," ಅಂದರು ಗಂಡ ಶಶಿಕಾಂತ್.

"ಚರ್ಚ್‌ನೋರು ಹೋಲ್ಡ್‌ನಲ್ಲಿ ಇಟ್ಟಿದಾರೆ ರೀ. ಟಿವಿ ಮ್ಯೂಟ್ ಮಾಡಿ."

ಕೆಲವು ವಾರಗಳ ಮೇಲೆ ಕ್ಲಾರೆನ್ಸ್ ಎಂಬ ನಿವೃತ್ತ ಮೇಷ್ಟ್ರ ಕರೆ ಬಂತು. ಅವರು ಬೆಲ್‌ಳ ಮರಿಮಗ.

"ಐಡಾ ಅಂದ್ರಾ?" ಅವರ ಧ್ವನಿ ಏರಿತು. "ಐಡಾ ಬರೆದ ಪತ್ರಗಳು ನಮ್ಮನೇಲಿವೆ! ಆಕೆ ಯಾರು ಅಂತಲೇ ನಮಗೆ ಗೊತ್ತಿರಲಿಲ್ಲ."

2024ರ ವಸಂತದಲ್ಲಿ ಕ್ಲಾರೆನ್ಸ್ ಮಕ್ಕಳು ಮೊಮ್ಮಕ್ಕಳನ್ನು ಎರಡು ವ್ಯಾನುಗಳಲ್ಲಿ ತುಂಬಿಕೊಂಡು ಬಂದರು. ಎರಡೂ ಕಡೆಯ ಪತ್ರಗಳನ್ನು ಓದಲು ಸೇರಿದ್ದ ಊರಿನ ಲೈಬ್ರರಿಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತರು. ಇತಿಹಾಸ ಸಂಘದ ಅಧ್ಯಕ್ಷರೂ ಹಿಂದೆ ನಿಂತಿದ್ದರು.

ಲೊರೆಟ್ಟಾ ಬೆಲ್‌ಳ ಪತ್ರ ಓದಿದರು: 'ನನ್ನ ಮದುವೆಯಲ್ಲಿ ನೀನು ಅಷ್ಟು ಕುಣಿದೆಯಲ್ಲ, ಕಾಲು ನೋಯಲಿಲ್ಲವೇ?'

ಕ್ಲಾರೆನ್ಸ್ ಎದ್ದು ಐಡಾಳ ಉತ್ತರ ಓದಿದರು: 'ನೋಯಿತು. ಆದರೆ ನಮ್ಮಮ್ಮಂದಿರೇ ಕುಣಿಯುತ್ತಿರುವಾಗ ನಾನು ಹೇಗೆ ಕೂರಲಿ?'

ಸಭೆ ನಕ್ಕಿತು, ಕಣ್ಣೊರೆಸಿಕೊಂಡಿತು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಮುಂದೆ ಬಂದು, ಪತ್ರಗಳನ್ನು ಪ್ರದರ್ಶನಕ್ಕೆ ಕೊಡಬಹುದೇ ಎಂದು ಕೇಳಿದರು.

"ಕೊಡೋಣ," ಅಂದರು ಲೊರೆಟ್ಟಾ, ತಲೆ ಎತ್ತಿ. "ಟೋಪಿ, ಕುಣಿತ, ಟೀ ಪಾರ್ಟಿ, ಒಂದೂ ಬಿಡದೆ ಇಡುವುದಾದರೆ."

ಆಮೇಲೆ ಕ್ಲಾರೆನ್ಸರ ತೋಳು ಹಿಡಿದು, ಗುಂಪು ಸರಿದು ಬಿಟ್ಟ ದಾರಿಯಲ್ಲಿ ತಮ್ಮವರನ್ನೆಲ್ಲ ಕರೆದುಕೊಂಡು ಹೊರನಡೆದರು.