ತಣ್ಣಗಿದ್ದ ರೇಡಿಯೇಟರ್

"ಬಂದ್ ಮಾಡು! ಸ್ವಪ್ನಿಲ, ಬಂದ್ ಮಾಡು!"

ನಾಗಸೇನ ಕೂಗುವ ಹೊತ್ತಿಗೆ ಶಾಖದ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತ್ತು. ಸ್ವಪ್ನಿಲ ಇಂಜಿನ್ ನಿಲ್ಲಿಸಿ ಡೋಜರಿನಿಂದ ಕೆಳಗೆ ಜಿಗಿದ. ಔರಾದ ಸೀಮೆಯ ಆ ಬತ್ತಿದ ಕೆರೆಯಂಗಳದಲ್ಲಿ ಒಮ್ಮೆಲೇ ಮೌನ ಕವಿಯಿತು. ಹಳೆಯ ಕಬ್ಬಿಣದ ಹೊಟ್ಟೆಯೊಳಗೆ ನೀರು ಕುದಿಯುವ ಗೊಳಗೊಳ ಸದ್ದೊಂದೇ ಉಳಿಯಿತು.

"ಮುಚ್ಚಳಕ್ಕ ಕೈ ಹಚ್ಚಬ್ಯಾಡ."

"ನಾ ಯಾಕ ಹಚ್ಚಲಿ ಮಾಮಾ? ನಮ್ಮ ಮನ್ಯಾಗ ಒಬ್ಬರು ಹಚ್ಚಿದ್ದು ಸಾಕಾಗ್ಯಾದ."

ಕಳೆದ ಬೇಸಿಗೆಯಲ್ಲಿ, ಇದೇ ಡೋಜರಿನ ಮುಂದೆ ನಿಂತು ರೇಡಿಯೇಟರಿನ ಮುಚ್ಚಳ ತೆಗೆದಿದ್ದವನು ಸ್ವಪ್ನಿಲನ ಅಪ್ಪ ಕಾಶೀರಾಮ. ನಾಗಸೇನನ ಅಕ್ಕ ಗಿರಿಜಾಬಾಯಿಯ ಗಂಡ, ನಾಗಸೇನನ ಬಾಯಲ್ಲಿ 'ದಾಜಿ'. ಚಿಮ್ಮಿದ ಕುದಿನೀರು ಮುಖವನ್ನೂ ಎದೆಯನ್ನೂ ಬೇಯಿಸಿಬಿಟ್ಟಿತ್ತು. ಬೀದರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ನರಳಿ ಅವನು ತೀರಿಕೊಂಡ. ಹನ್ನೊಂದು ವರ್ಷ ಆ ಯಂತ್ರವನ್ನು ನಡೆಸಿದವನು ಕಾದ ಮುಚ್ಚಳಕ್ಕೆ ಕೈ ಹಾಕಿದ್ದು ಹೇಗೆ ಎಂದು ಎಲ್ಲರೂ ಕೇಳಿದರು. ಉತ್ತರ ಹೇಳಿದವನು ನಾಗಸೇನನೇ. "ನೀರು ನೋಡಿಲ್ಲ. ಅವಸರ ಮಾಡ್ಯಾರ." ಬೀದರಿನ ಹೆಸರುವಾಸಿ ಇಂಜಿನ್ ಮೇಸ್ತ್ರಿಯ ಮಾತು, ಅದರ ಮೇಲೆ ಮಾತಾಡುವವರಿರಲಿಲ್ಲ.

ಆಮೇಲೆ ಡೋಜರು ಒಂದು ವರ್ಷ ಬೇವಿನ ಮರದ ಕೆಳಗೆ ಧೂಳು ತಿನ್ನುತ್ತ ನಿಂತಿತ್ತು. ಗುಜರಿಗೆ ಹಾಕಲು ಹೊರಟ ಮಾಲೀಕ, ಭಾತಂಬ್ರಾದ ಅಶೋಕಕುಮಾರನನ್ನು ತಡೆದವನು ಸ್ವಪ್ನಿಲ. "ನಮ್ಮಪ್ಪನ ಗಾಡಿ ನಾ ನಡಸ್ತೇನ್ರಿ" ಎಂದು ಹಟ ಹಿಡಿದಿದ್ದ. ಈಗ ಮೂರು ದಿನವಾಗಿತ್ತು. ಅರ್ಧ ತಾಸು ಓಡಿದರೆ ಸಾಕು, ಮುಳ್ಳು ಕೆಂಪಿಗೇರುತ್ತಿತ್ತು.

ಬೆಳಿಗ್ಗೆಯಿಂದ ನಾಗಸೇನ ಒಂದೊಂದನ್ನೇ ನೋಡುತ್ತ ಬಂದಿದ್ದ. ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ನೋಡಿದ್ದ: ನೀರು ಕಂಠಮಟ್ಟ ಇತ್ತು. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ರೇಡಿಯೇಟರಿನ ಜಾಲರಿಯಲ್ಲಿ ಕಸವಿರಲಿಲ್ಲ. ವಾಟರ್ ಪಂಪ್ ಬಿಚ್ಚಿ ತಿರುಗಿಸಿ ಮತ್ತೆ ಜೋಡಿಸಿದ್ದ. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ನೀರಿನಲ್ಲಿ ಗುಳ್ಳೆ ಏಳಬೇಕಿತ್ತು, ಒಂದೂ ಎದ್ದಿರಲಿಲ್ಲ. ಮೂವತ್ತು ವರ್ಷದ ಅನುಭವ ಈ ಮುದಿ ಯಂತ್ರದ ಮುಂದೆ ಕೈಚೆಲ್ಲಿ ನಿಂತಿತ್ತು.

"ನೀವೇ ಹಿಂಗ ನಿಂತ್ರ ಹ್ಯಾಂಗ ಮಾಮಾ? ಇವತ್ತು ಸರಿ ಆಗ್ಲಿಲ್ಲಂದ್ರ ನಾಳಿ ಗುಜರಿಯವರು ಬರ್ತಾರಂತ."

"ಸುಮ್ಕಿರು. ರೋಗಿ ಮುಂದ ಡಾಕ್ಟರಗ ಅವಸರ ಮಾಡಬಾರದು."

ಹಾಗೆಂದವನು ಯಾಕೋ ಮುಂದೆ ಸರಿದು, ಕೈಗೆ ಒರೆಸುಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ನೆತ್ತಿಯನ್ನು ಮುಟ್ಟಿದ. ಬಟ್ಟೆಯ ಮೂಲಕ ಏನೂ ತಿಳಿಯಲಿಲ್ಲ. ಬಟ್ಟೆ ಬಿಚ್ಚಿದ. ಬರಿಯ ಬೆರಳ ತುದಿ ತಾಗಿಸಿದ. ಆಮೇಲೆ ಇಡೀ ಅಂಗೈ ಊರಿದ.

ಬಿಸಿಲಿನ ಕಾವು ಬಿಟ್ಟರೆ ಅಲ್ಲಿ ಬಿಸಿಯೇ ಇರಲಿಲ್ಲ.

ಮೀಟರಿನ ಮುಳ್ಳು ಇನ್ನೂ ಕೆಂಪಿನಲ್ಲೇ ಇತ್ತು. ಇಂಜಿನ್ ಕುದಿಯುತ್ತಿತ್ತು. ನಾಗಸೇನನ ಕೈ ಮೇಲಿನ ಪೈಪಿಗೆ ಹರಿಯಿತು, ಅದೂ ತಣ್ಣಗೆ. ಅದರ ಕೆಳಗೆ, ಇಂಜಿನ್ನಿನಿಂದ ಹೊರಟು ಮತ್ತೆ ಪಂಪಿಗೇ ಮರಳುವ ಗೇಣುದ್ದದ ಅಡ್ಡ ಪೈಪೊಂದಿತ್ತು. ಅದಕ್ಕೆ ಬೆರಳು ತಾಗಿದ್ದೇ ತಡ, ಚುರ್ರೆಂದು ಚರ್ಮ ಸುಟ್ಟಿತು.

"ತಣ್ಣಗಿತ್ತು ಗಿರಿಜಾ. ಕೈ ಇಟ್ಟು ನೋಡೇ ತೆಗದೀನಿ."

ಆಸ್ಪತ್ರೆಯ ಹಾಸಿಗೆಯಲ್ಲಿ ಕಾಶೀರಾಮ ಮತ್ತೆ ಮತ್ತೆ ಹೇಳಿದ್ದ ಮಾತು ಅದೊಂದೇ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಿದ್ದಳು. "ಸಾಯೋ ಹೊತ್ತಿನ್ಯಾಗರ ಸುಳ್ಳ ಬಿಡ್ರಿ. ಸುಡೋದು ತಣ್ಣಗ ಹ್ಯಾಂಗ ಇರ್ತದ?" ಕೊನೆಯ ದಿನ ಕಾಶೀರಾಮ ಅದನ್ನೂ ಹೇಳದೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ.

ನಾಗಸೇನ ಡೋಜರಿನ ನೆರಳಿನಲ್ಲಿ ಕುಳಿತ.

ಆ ಅವಘಡಕ್ಕೂ ಎರಡು ತಿಂಗಳ ಮೊದಲು, ಬಿಸಿಲೇರುವ ಮುಂಚೆ, ಈ ಇಂಜಿನ್ನಿನ ಥರ್ಮೋಸ್ಟಾಟ್ ವಾಲ್ವ್ ತೆಗೆದವನು ಅವನೇ. ಅದು ಅವನ ಉಸ್ತಾದ್ ಶರಫೋದ್ದೀನರ ಕಾಲದಿಂದ ಬಂದ ಪದ್ಧತಿ. "ಬೀದರ ಬಿಸಲಿಗೆ ವಾಲ್ವ್ ಯಾಕೋ ಬೇಟಾ? ಅದು ಥಂಡಿ ಮುಲ್ಕಿನವರ ಚೀಜ್. ತೆಗದು ಒಗಿ, ನೀರು ಆರಾಮ ಓಡ್ತಾವ" ಎನ್ನುತ್ತಿದ್ದರು ಅವರು. ತೆಗೆದದ್ದನ್ನು ಒಗೆಯದೆ, ವರ್ಕ್‌ಶಾಪಿನ ತೊಲೆಯಿಂದ ಇಳಿಬಿಟ್ಟ ತಂತಿಗೆ ಪೋಣಿಸುತ್ತಿದ್ದರು. ಗಿರಾಕಿಗಳು ಅದನ್ನು ಕತ್ತೆತ್ತಿ ನೋಡುತ್ತಿದ್ದರು. ನಾಗಸೇನನೂ ಅದನ್ನೇ ನಡೆಸಿಕೊಂಡು ಬಂದಿದ್ದ. ಎಷ್ಟೋ ಗಾಡಿಗಳು ಹಾಗೇ ಓಡಿದ್ದವು. ಆದರೆ ಈ ಮುದಿ ಡೋಜರಿನ ವಾಲ್ವಿಗೆ ಎರಡು ಕೆಲಸ: ಇಂಜಿನ್ ಕಾದಾಗ ರೇಡಿಯೇಟರಿನ ದಾರಿ ತೆರೆಯುವುದು, ಅದೇ ಹೊತ್ತಿಗೆ ಅಡ್ಡ ಪೈಪಿನ ದಾರಿ ಮುಚ್ಚುವುದು. ವಾಲ್ವೇ ಇಲ್ಲದಾಗ ನೀರು ಹತ್ತಿರದ ದಾರಿ ಹಿಡಿದು ಇಂಜಿನ್ನಿನೊಳಗೇ ಸುತ್ತಿ ಸುತ್ತಿ ಕುದಿದಿತ್ತು. ರೇಡಿಯೇಟರು ಏನೂ ಅರಿಯದಂತೆ ತಣ್ಣಗೆ ನಿಂತಿತ್ತು. ಮುಚ್ಚಳ ತೆಗೆದೊಡನೆ ಒತ್ತಡ ಬಿಟ್ಟು, ಇಂಜಿನ್ನಿನೊಳಗಿನ ಕುದಿನೀರೆಲ್ಲ ಅಲ್ಲಿಂದಲೇ ಚಿಮ್ಮಿತ್ತು.

ಮುಚ್ಚಳಕ್ಕೆ ಕೈ ಹಾಕುವ ಮೊದಲು ಕಾಶೀರಾಮ ಫೋನು ಕೂಡ ಮಾಡಿದ್ದ. "ನಾಗ್ಯಾ, ಮ್ಯಾಲಿನ ಪೈಪು ತಣ್ಣಗದ, ಇಂಜಿನ್ ಸುಡ್ಲತ್ತದ. ನೀರು ದಾರಿ ತಪ್ಯಾವ ನೋಡೋ." ನಾಗಸೇನ ನಕ್ಕಿದ್ದ. "ದಾಜಿ, ನೀರೇನು ನಿಮ್ಮಂಗ ಹೈದ್ರಾಬಾದ್ ಬಸ್ ಸ್ಟ್ಯಾಂಡಿನ್ಯಾಗ ದಾರಿ ತಪ್ಪತಾವೇನು? ನಿದ್ದಿ ಕಮ್ಮಿ ಮಾಡ್ರಿ, ನೀರು ಹಾಕ್ರಿ." ಆಚೆಯಿಂದ ದಾಜಿಯೂ ನಕ್ಕಿದ್ದ.

"ಸಿಕ್ತೇನ್ರಿ ಮಾಮಾ?" ಸ್ವಪ್ನಿಲ ಬಗ್ಗಿ ನೋಡುತ್ತಿದ್ದ. ಹುಬ್ಬು ಥೇಟು ಅಪ್ಪನದೇ.

"ಸಿಕ್ಕದ," ಎಂದ ನಾಗಸೇನ. "ಅಶೋಕಕುಮಾರಗ ನಾಳಿ ಮಧ್ಯಾಹ್ನತನ ತಡೀಲಿಕ್ಕೆ ಹೇಳು."

ಬೀದರಿನ ವರ್ಕ್‌ಶಾಪಿಗೆ ಮರಳಿ, ತಂತಿಯ ಮಾಲೆಯನ್ನು ಕೆಳಗಿಳಿಸಿದ. ಧೂಳು ಮೆತ್ತಿದ ವಾಲ್ವುಗಳ ನಡುವೆ ಡೋಜರಿನದನ್ನು ಗುರುತಿಸುವುದು ಕಷ್ಟವಾಗಲಿಲ್ಲ; ಎಲ್ಲಕ್ಕಿಂತ ದೊಡ್ಡದು ಅದೇ. ಚಹಾದ ಪಾತ್ರೆಯಲ್ಲಿ ನೀರು ಕಾಯಿಸಿ ಅದನ್ನು ಇಳಿಬಿಟ್ಟ. ಕೆಟ್ಟಿರಲಿ ಎಂದು ಒಳಗೊಳಗೇ ಬೇಡಿಕೊಂಡ. ಕೆಟ್ಟ ವಾಲ್ವ್ ತೆಗೆದದ್ದು ಅಷ್ಟು ದೊಡ್ಡ ತಪ್ಪಾಗಲಾರದು. ನೀರು ಕುದಿಯತೊಡಗಿತು. ಹಿತ್ತಾಳೆಯ ಬಿಲ್ಲೆ ನಿದ್ದೆಯಿಂದ ಎದ್ದ ಕಣ್ಣಿನ ಹಾಗೆ ಮೆಲ್ಲಗೆ, ನಿಚ್ಚಳವಾಗಿ ತೆರೆದುಕೊಂಡಿತು.

ಮರುದಿನ ವಾಲ್ವ್ ಕೂಡಿಸಿದ ಮೇಲೆ ಡೋಜರು ಎರಡು ತಾಸು ಹೂಳು ತಳ್ಳಿತು. ಮುಳ್ಳು ನಡುಮಧ್ಯೆ ನೆಟ್ಟು ನಿಂತಿತು. ಅಶೋಕಕುಮಾರ ಬೈಕು ನಿಲ್ಲಿಸಿ ನಾಗಸೇನನ ಬೆನ್ನು ಚಪ್ಪರಿಸಿದ.

"ಭಲೇ ಮೇಸ್ತ್ರಿ! ಹನ್ನೊಂದು ವರ್ಷ ನಡಸಿದ ಕಾಶೀರಾಮಗ ತಿಳೀಲಿಲ್ಲ, ನಿಮಗ ಒಂದ ದಿನದಾಗ ತಿಳೀತು ನೋಡ್ರಿ."

"ಅವರಿಗೇ ಮೊದಲು ತಿಳಿದಿತ್ರಿ. ನನಗ ತಿಳೀಲಿಲ್ಲ."

"ಆಂ?" ಇಂಜಿನ್ನಿನ ಸದ್ದಿನಲ್ಲಿ ಅಶೋಕಕುಮಾರ ಕಿವಿಗೆ ಕೈ ಹಚ್ಚಿದ.

ನಾಗಸೇನ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದ. ಮೇಲೆ ಕುಳಿತ ಸ್ವಪ್ನಿಲ ಮಾಲೀಕನ ಮಾತು ಕೇಳಿದವನಂತೆ ತಲೆ ತಗ್ಗಿಸಿ ಲಿವರು ಎಳೆಯುತ್ತಿದ್ದ. ನಾಗಸೇನ ಆ ತಗ್ಗಿದ ತಲೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಸ್ಕೂಟರ್ ಹತ್ತಿ ಹಲಬರ್ಗಾದ ಅಕ್ಕನ ಮನೆಯ ದಾರಿ ಹಿಡಿದ.

ಹೊತ್ತು ಇಳಿಯುತ್ತಿತ್ತು. ಗಿರಿಜಾಬಾಯಿ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಮ್ಮನನ್ನು ಕಂಡು ಮುಖ ಅರಳಿತು.

"ಸ್ವಪ್ನಿಲ ಫೋನ್ ಮಾಡಿದ್ದ. ಗಾಡಿ ನೆಟ್ಟಗ ಮಾಡಿದಿಯಂತ. ಕೂಡು, ಚಹಾ ತರ್ತೇನಿ." ಒಳಗಿನಿಂದಲೇ ಮಾತು ಮುಂದುವರಿಸಿದಳು. "ನಿಮ್ಮ ದಾಜಿ ನಿನ್ನ ಮಾತು ಕೇಳಿದ್ರ ಇವತ್ತು ಇಲ್ಲೇ ಕುಂತಿರ್ತಿದ್ರು. ಹೋಗೋತನಕ ಸುಳ್ಳ ಹೇಳಿ ಹೋದ್ರು, ನನಗ ಅದೇ ಸಂಕಟ."

ಸ್ಟೀಲ್ ಲೋಟ ಅವನ ಮುಂದೆ ಬಂದು ಕುಳಿತಿತು. ಅಕ್ಕ ಮತ್ತೆ ಮೊರ ಹಿಡಿದಳು. ಹೇಳಿದರೆ ದಾಜಿಯ ಹೆಸರು ತೊಳೆದು ಹಸನಾಗುತ್ತದೆ. ಆದರೆ ಸಾಯುವವನನ್ನು ಸುಳ್ಳುಗಾರನೆಂದ ಮಾತು ಅಕ್ಕನ ಎದೆಯಲ್ಲಿ ಜೀವ ಇರುವವರೆಗೂ ಉಳಿಯುತ್ತದೆ. ಅಡ್ಡ ಪೈಪು ಸುಟ್ಟ ಬೆರಳನ್ನು ನಾಗಸೇನ ಮುಷ್ಟಿಯೊಳಗೆ ಅಡಗಿಸಿದ, ಮತ್ತೆ ಬಿಚ್ಚಿದ.

"ಅಕ್ಕಾ, ದಾಜಿ ಸುಳ್ಳ ಹೇಳಿರಲಿಲ್ಲ."

ಒಂದೊಂದಾಗಿ ಎಲ್ಲ ಹೇಳಿದ. ವಾಲ್ವ್ ತೆಗೆದದ್ದು, ಫೋನಿನಲ್ಲಿ ನಕ್ಕದ್ದು, ನಿನ್ನೆ ಕೈ ಇಟ್ಟು ನೋಡಿದ್ದು. ಮುಖ ಎತ್ತದೆ ಹೇಳಿದ. ಗಿರಿಜಾಬಾಯಿಯ ಮೊರದಲ್ಲಿ ಬೇಳೆಯ ಸದ್ದು ಯಾವಾಗ ನಿಂತಿತೋ ಅವನಿಗೆ ತಿಳಿಯಲಿಲ್ಲ. ಬೈಯಲಿ, ಮೊರ ಬೀಸಿ ಹೊಡೆಯಲಿ ಎಂದು ಕಾದ.

ಅವಳು ಕೈ ಚಾಚಿ ಲೋಟವನ್ನು ಮುಟ್ಟಿದಳು.

"ತಣ್ಣಗಾತು," ಎಂದಳು. "ಬಿಸಿ ಮಾಡಿ ತರ್ತೇನಿ."

ಆದರೆ ಏಳಲಿಲ್ಲ. ಲೋಟದ ಸುತ್ತ ಅಂಗೈ ಊರಿ, ಅದರೊಳಗೆ ಏನಿದೆಯೆಂದು ಕೈಯಿಂದಲೇ ತಿಳಿಯಬೇಕೆಂಬಂತೆ ಹಾಗೆಯೇ ಕುಳಿತಿದ್ದಳು. ಬೇಳೆಗೆ ಬಂದ ಗುಬ್ಬಿಗಳನ್ನು ಯಾರೂ ಓಡಿಸಲಿಲ್ಲ.